ಗಾಂಧಿ ಕ್ಲಾಸಿನ ಶಿಳ್ಳೆ ಮತ್ತು ಚಿನ್ನದ ಗಣಿಯ ಹೆಬ್ಬೆರಳು

ಕನ್ನಡದ ಸಾಹಿತ್ಯ ವಿಮರ್ಶೆ ಸಿನಿಮಾದ ಬಗ್ಗೆ ಮಾತಾಡಿದ್ದೇ ಕಡಿಮೆ. ಮಾತಾಡಿದಾಗಲೂ ಪ್ರಶಸ್ತಿ ಬಂದ ಸಿನಿಮಾಗಳ ಬಗ್ಗೆ ಮಾತಾಡಿತು. ನಮ್ಮ ಕೇರಿಯ ಜನ ಕೂಲಿ ದುಡ್ಡಿನಲ್ಲಿ ಟಿಕೆಟ್ ಕೊಂಡು, ಶಿಳ್ಳೆ ಹೊಡೆದು ನೋಡಿದ 'ಫೈಟಿಂಗ್ ಸಿನಿಮಾ' ವಿಮರ್ಶೆಯ ಹೊಸಿಲು ದಾಟಲೇ ಇಲ್ಲ. ಒಬ್ಬ ನಾಯಕ ಇಪ್ಪತ್ತು ಜನರನ್ನು ಒಂದೇ ಏಟಿಗೆ ಉರುಳಿಸುವುದು, ಓಡುವ ರೈಲಿನ ಮೇಲೆ ಹೊಡೆದಾಡುವುದು, ಗುಂಡು ಬಿದ್ದರೂ ಎದ್ದು ನಿಲ್ಲುವುದು ಇವೆಲ್ಲ ಶಿಷ್ಟರಿಗೆ ಬುದ್ಧಿಗೇಡಿ ಮನರಂಜನೆ. ನೋಡುವವರೂ ಅದನ್ನೇ ಒಪ್ಪಿಕೊಂಡವರಂತೆ 'ಲಾಜಿಕ್ ಕೇಳಬೇಡಪ್ಪ, ಸುಮ್ನೆ ಮಜಾ ತಗೊ' ಅಂತಾರೆ. ಬಾಲ್ಕನಿಯ ತಿರಸ್ಕಾರ, ನೆಲದ ಈ ಉದಾಸೀನ ಎರಡೂ ಸೇರಿ ಒಂದು ಪ್ರಶ್ನೆಯನ್ನು ಮುಚ್ಚಿಹಾಕಿವೆ. ಪರದೆಯ ಮೇಲೆ ಹೊಡೆಯುವ ಆ ಕೈ ಯಾರದು? ಕೆಳಗೆ ಕೂತು ಶಿಳ್ಳೆ ಹೊಡೆಯುವ ಬಾಯಿ ಯಾರದು? ಇವೆರಡರ ನಡುವಿನ ಸಂಬಂಧಕ್ಕೆ ಒಂದು ಚರಿತ್ರೆಯಿದೆ. ಅದನ್ನು ನಾವೇ ಬರೆದುಕೊಳ್ಳಬೇಕು.

1

ಬ್ರಿಟಿಷ್ ಸರ್ಕಾರ 1927ರಲ್ಲಿ ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ಸಿನಿಮಾ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. 1928ರಲ್ಲಿ ಬಂದ ಅದರ ವರದಿಯ ಪ್ರಕಾರ ಭಾರತದಲ್ಲಿ ಅತ್ಯಂತ ಜನಪ್ರಿಯವಾಗಿದ್ದ ಚಿತ್ರ ಡಗ್ಲಸ್ ಫೇರ್‌ಬ್ಯಾಂಕ್ಸ್ ನಟಿಸಿದ 'ದಿ ಥೀಫ್ ಆಫ್ ಬಾಗ್ದಾದ್' (1924). ಅಂದರೆ ಒಬ್ಬ ಕಳ್ಳ ಗೋಡೆ ಹಾರಿ, ಹಾರುವ ಜಮಖಾನೆ ಏರಿ, ರಾಜಕುಮಾರಿಯನ್ನು ಗೆಲ್ಲುವ ಕಥೆ. ಪುರಾಣದ ಚಿತ್ರಗಳೂ ಓಡುತ್ತಿದ್ದ ಕಾಲದಲ್ಲೇ ಈ ನೆಗೆತ, ಕುಸ್ತಿ, ಕತ್ತಿವರಸೆಯ ಚಿತ್ರಗಳಿಗೆ ದೊಡ್ಡ ಜನ ಸೇರುತ್ತಿತ್ತು. ಓದು ಬರದವನಿಗೂ ನೆಗೆತ ಅರ್ಥವಾಗುತ್ತದೆ. ಮೂಕಿ ಚಿತ್ರದ ನಡುವೆ ಬರುವ ಅಕ್ಷರದ ಫಲಕವನ್ನು ಓದಲಾರದವನು ಹೊಡೆದಾಟವನ್ನು ಓದಬಲ್ಲ. ಅಕ್ಷರದಿಂದ ದೂರ ಇಡಲ್ಪಟ್ಟ ಜನಕ್ಕೆ ಇದು ಸಣ್ಣ ಸಂಗತಿಯಲ್ಲ.

1935ರಲ್ಲಿ ಮುಂಬಯಿಯ ವಾಡಿಯಾ ಮೂವಿಟೋನ್ ಕಂಪನಿಯಿಂದ 'ಹಂಟರ್‌ವಾಲಿ' ಬಂತು. ನಿರ್ದೇಶನ ಹೋಮಿ ವಾಡಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಮೇರಿ ಇವಾನ್ಸ್ ಎಂಬ ಹೆಣ್ಣುಮಗಳು 'ನಾಡಿಯಾ' ಎಂಬ ಹೆಸರಿನಲ್ಲಿ ಮುಖವಾಡ ಹಾಕಿ, ಕೈಯಲ್ಲಿ ಚಾವಟಿ ಹಿಡಿದು, ದುಷ್ಟ ಮಂತ್ರಿಯ ಆಳುಗಳನ್ನು ಬಾರಿಸಿದಳು. ಸರ್ಕಸ್ಸಿನಲ್ಲಿ ದುಡಿದು ಬಂದಿದ್ದ ಆಕೆ ಸಾಹಸಗಳನ್ನು ತಾನೇ ಮಾಡುತ್ತಿದ್ದಳು. ಮರುವರ್ಷ 'ಮಿಸ್ ಫ್ರಾಂಟಿಯರ್ ಮೇಲ್' ಚಿತ್ರದಲ್ಲಿ ಓಡುವ ರೈಲಿನ ಮೇಲೇ ಹೊಡೆದಾಟ. ಈ ಚಿತ್ರಗಳಿಗೆ 'ಸ್ಟಂಟ್ ಚಿತ್ರ' ಎಂಬ ಹೆಸರು ಬಿತ್ತು. ಚಿತ್ರರಂಗದ ಒಳಗೇ ಒಂದು ವರ್ಣವ್ಯವಸ್ಥೆ ಏರ್ಪಟ್ಟಿತು. ಮೇಲೆ ಪೌರಾಣಿಕ, ಅದರ ಪಕ್ಕ ಸಾಮಾಜಿಕ, ಎಲ್ಲಕ್ಕಿಂತ ಕೆಳಗೆ ಸ್ಟಂಟು. ನೋಡುವವರ ಅಂತಸ್ತನ್ನೇ ನೋಡುವ ಚಿತ್ರಕ್ಕೂ ಅಂಟಿಸಿದ್ದು ಆಕಸ್ಮಿಕವಲ್ಲ.

ಆದರೆ ಇನ್ನೊಂದನ್ನೂ ಗಮನಿಸಬೇಕು. ಹಂಟರ್‌ವಾಲಿಯ ಮುಖವಾಡ ಕಳಚಿದರೆ ಒಳಗಿರುವುದು ರಾಜಕುಮಾರಿಯ ಮುಖ. ಬಡವರ ಪರವಾಗಿ ಚಾವಟಿ ಬೀಸಿದವಳು ಅರಮನೆಯ ಮಗಳು. ಆಕೆ ಸೆರೆಯಿಂದ ಬಿಡಿಸಬೇಕಾದದ್ದು ತನ್ನ ಅಪ್ಪನಾದ ರಾಜನನ್ನು. ನ್ಯಾಯ ಅರಮನೆಯಿಂದ ಹೊರಟು ಅರಮನೆಗೇ ವಾಪಸು ಹೋಗುತ್ತದೆ. ನಡುದಾರಿಯಲ್ಲಿ ಬಡವರಿಗೆ ಸಿಗುವುದು ಶಿಳ್ಳೆ ಹೊಡೆಯುವ ಅವಕಾಶ.

2

ಕರ್ನಾಟಕದಲ್ಲಿ ಈ ಶಿಳ್ಳೆಗೆ ಒಂದು ಜಾಗವಿತ್ತು. ಅದರ ಹೆಸರು ಗಾಂಧಿ ಕ್ಲಾಸು. ಪರದೆಯ ಮುಂದೆಯೇ, ಕತ್ತೆತ್ತಿ ನೋಡಬೇಕಾದ ಜಾಗ. ಟೂರಿಂಗ್ ಟೆಂಟುಗಳಲ್ಲಿ ಅದು ಬರೀ ಮಣ್ಣು ನೆಲ. ಮರಳು ಗುಡ್ಡೆ ಮಾಡಿಕೊಂಡು ಅದನ್ನೇ ಕುರ್ಚಿ ಮಾಡಿಕೊಳ್ಳಬೇಕು. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ದೇವಸ್ಥಾನದಲ್ಲಿ ಹತ್ತಿರ ಇದ್ದಷ್ಟೂ ದೊಡ್ಡವರು, ಸಿನಿಮಾದಲ್ಲಿ ಹತ್ತಿರ ಇದ್ದಷ್ಟೂ ಸಣ್ಣವರು!

ತಮಿಳು ವಿದ್ವಾಂಸ ಕಾರ್ತಿಗೇಸು ಶಿವತಂಬಿ 1981ರಲ್ಲಿ ತಮಿಳು ಸಿನಿಮಾ ಕುರಿತು ಬರೆಯುತ್ತಾ, ಎಲ್ಲ ಜಾತಿಯವರೂ ಒಂದೇ ಸೂರಿನಡಿ ಕೂತ ಮೊದಲ ಪ್ರದರ್ಶನದ ಜಾಗ ಸಿನಿಮಾ ಮಂದಿರ, ಅಲ್ಲಿ ಕೂರುವ ಜಾಗವನ್ನು ನಿರ್ಧರಿಸಿದ್ದು ಕೊಳ್ಳುವ ಶಕ್ತಿ ಎಂಬರ್ಥದ ಮಾತು ಹೇಳಿದ್ದಾರೆ. ಈ ಮಾತು ನಮಗೂ ಸಲ್ಲುತ್ತದೆ. ಊರ ಹೋಟೆಲಿನಲ್ಲಿ ಬೇರೆ ಲೋಟ, ಬಾವಿಯಲ್ಲಿ ಬೇರೆ ಸಾಲು, ಗುಡಿಯಲ್ಲಿ ಹೊರಗೇ ನಿಲ್ಲಬೇಕು ಎನ್ನುವ ಕಾಲದಲ್ಲಿ ಟೆಂಟಿನ ಟಿಕೆಟ್ ಕಿಂಡಿ ಕಾಸು ಕೇಳುತ್ತಿತ್ತು. ಹಾಗಂತ ಟೆಂಟು ಜಾತಿಯನ್ನು ಅಳಿಸಿತು ಅಂತ ಯಾರೂ ತಿಳಿಯಬೇಕಿಲ್ಲ. ಸಿನಿಮಾ ಬಿಟ್ಟ ಮೇಲೆ ಊರವರು ಊರಿಗೆ, ಕೇರಿಯವರು ಕೇರಿಗೆ. ಆದರೂ ಕತ್ತಲಲ್ಲಿ ಕಳೆದ ಆ ಮೂರು ಗಂಟೆ ಮೈಗೆ ಬೇರೆಯದೇ ಅನುಭವ. ಹಗಲೆಲ್ಲ ಗೌಡನ ಮುಂದೆ ಬಗ್ಗಿ ನಿಂತ ಮೈ ಅಲ್ಲಿ ನೆಟ್ಟಗೆ ಕೂತು, ಗೌಡನಂಥವನಿಗೆ ಏಟು ಬೀಳುವುದನ್ನು ನೋಡುತ್ತಿತ್ತು, ಗಟ್ಟಿಯಾಗಿ ಕೂಗುತ್ತಿತ್ತು. ಆ ಕೂಗನ್ನು ಬುದ್ಧಿಗೇಡಿತನ ಅಂದವರು ಹಗಲ ಬಗ್ಗುವಿಕೆಯ ಲೆಕ್ಕ ಇಡಲಿಲ್ಲ.

3

ಈಗ ಪರದೆಯ ಮೇಲಿದ್ದ ಮೈಯ ಮಾತಿಗೆ ಬರೋಣ. 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ಭಕ್ತನಾಗಿ, ರಾಜನಾಗಿ ಮೆರೆದ ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಬಂದಾಗ ಅಂಬರೀಶ್ ಪೊಲೀಸ್ ಅಧಿಕಾರಿಯಾಗಿ, ಪಾತಕಿ ಕನ್ವರ್‌ಲಾಲನ ವೇಷದಲ್ಲಿ ಶತ್ರುಗಳ ನಡುವೆ ಹೊಕ್ಕರು. ನಮ್ಮ ಹುಡುಗರು ಕನ್ವರ್‌ಲಾಲನ ಹಾಗೆ ಮಾತಾಡುವುದನ್ನು ಕಲಿತರು. ಹಂಟರ್‌ವಾಲಿಯ ಸೂತ್ರ ಇಲ್ಲೂ ಮುಂದುವರಿಯಿತು. ಕಳ್ಳನ ಮುಖವಾಡದ ಹಿಂದೆ ಪೊಲೀಸಿನ ಮುಖ. ಹೊಡೆಯುವ ಕೈಗೆ ಎಲ್ಲಿಂದಲೋ ಒಂದು ಪರವಾನಗಿ ಇರಬೇಕು. ಒಮ್ಮೆ ಅರಮನೆಯದ್ದು, ಇನ್ನೊಮ್ಮೆ ಸರ್ಕಾರದ್ದು.

ಇದೇ ಕಾಲದಲ್ಲಿ ಗಂಭೀರ ಸಿನಿಮಾ ಏನು ಮಾಡುತ್ತಿತ್ತು? 1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು, ರಾಷ್ಟ್ರದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಪಡೆಯಿತು. ಎಂ.ವಿ. ವಾಸುದೇವರಾವ್ ಅವರ ಚೋಮನನ್ನು ಮರೆಯುವುದು ಸಾಧ್ಯವಿಲ್ಲ. ಆ ಚಿತ್ರದ ದೊಡ್ಡತನವನ್ನು ಒಪ್ಪಿಕೊಂಡೇ ಕೇಳಬೇಕಾದ ಪ್ರಶ್ನೆ ಒಂದಿದೆ. ಚೋಮನ ಸಿಟ್ಟು ದುಡಿಯ ಮೇಲೆ ಬೀಳುತ್ತದೆ. ಅದು ಧಣಿಯ ಮೈಗೆ ಯಾಕೆ ತಾಗುವುದಿಲ್ಲ? ದಲಿತ ಸಂಘರ್ಷ ಸಮಿತಿ ಬೀದಿಗಿಳಿದ ಆ ದಶಕದಲ್ಲಿ ನಮಗೆ ಎರಡು ಸಿನಿಮಾಗಳು ಸಿಕ್ಕವು. ಒಂದರಲ್ಲಿ ದಲಿತ ಇದ್ದ, ಅವನಿಗೆ ತಿರುಗಿ ಹೊಡೆಯುವ ಕೈ ಇರಲಿಲ್ಲ. ಇನ್ನೊಂದರಲ್ಲಿ ತಿರುಗಿ ಹೊಡೆಯುವ ಕೈ ಇತ್ತು, ಅದು ದಲಿತನ ಕೈ ಆಗಿರಲಿಲ್ಲ. ಮೊದಲನೆಯದನ್ನು ಸಾಹಿತಿಗಳು ಮೆಚ್ಚಿದರು, ಎರಡನೆಯದನ್ನು ನಮ್ಮವರು ನೋಡಿದರು. ನಮ್ಮವರ ಆಯ್ಕೆಯ ಹಿಂದೆ ತಲೆ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಾಯುವುದನ್ನು ಕೇರಿಯಲ್ಲೇ ನೋಡುತ್ತಿದ್ದೆವಲ್ಲ, ಅದಕ್ಕೆ ಟಿಕೆಟ್ ಯಾಕೆ?

4

'ಅತಿರೇಕ, ನಂಬಲಾಗದು' ಎಂಬ ಆಕ್ಷೇಪಣೆಯನ್ನೂ ನೋಡೋಣ. ನಂಬಲಾಗದ ಸಾಹಸದ ಕಥೆ ನಮಗೆ ಹಾಲಿವುಡ್ಡಿನಿಂದ ಬಂದ ಬಳುವಳಿಯಲ್ಲ. ಮಲೆ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಾದಪ್ಪ ಸಂಹಾರ ಮಾಡುವ ಭಾಗ ಯಾವ ಫೈಟಿಂಗ್ ಸಿನಿಮಾಕ್ಕೂ ಕಡಿಮೆಯಿಲ್ಲ. ಆದರೆ ಆ ಸಂಹಾರಕ್ಕೆ ಬೇಕಾದದ್ದು ಒಂದು ಜೊತೆ ಎಕ್ಕಡ. ಅದನ್ನು ಮಾಡಿಕೊಟ್ಟವನು ಮಾದಿಗರ ಹರಳಯ್ಯ. ಅರಗು ಬಳಸಿದ ಆ ಎಕ್ಕಡ ಮೆಟ್ಟಿ ದೊರೆ ಉರಿದುಹೋಗುತ್ತಾನೆ.

ಇಲ್ಲಿ ದೇವರು ನಾಯಕ, ಸರಿ. ಆದರೆ ಅವನ ಗೆಲುವಿನಲ್ಲಿ ಚಪ್ಪಲಿ ಹೊಲಿಯುವವನ ಕಸುಬಿಗೆ ಪಾಲಿದೆ, ಹರಳಯ್ಯನಿಗೆ ಹೆಸರಿದೆ. ಹಾಡುವವರು ಆ ಹೆಸರನ್ನು ಬಿಡಲಿಲ್ಲ. ಅತಿರೇಕವೂ ಇದೆ, ಮಜಾವೂ ಇದೆ, ದುಡಿಯುವವನ ಪಾಲೂ ಇದೆ. ಆದ್ದರಿಂದ ಉತ್ಪ್ರೇಕ್ಷೆ ನಮ್ಮ ತಕರಾರಿನ ವಿಷಯ ಆಗಬೇಕಿಲ್ಲ. ಉತ್ಪ್ರೇಕ್ಷೆಯ ಒಳಗೆ ಯಾರ ಹೆಸರು ಉಳಿಯಿತು, ಯಾರದು ಅಳಿಯಿತು ಎಂಬುದೇ ನಮ್ಮ ಅಳತೆಗೋಲು.

5

ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಅತಿ ದೊಡ್ಡ ಫೈಟಿಂಗ್ ಸಿನಿಮಾದ ಹತ್ತಿರ ಹೋಗೋಣ. ಪ್ರಶಾಂತ್ ನೀಲ್ ನಿರ್ದೇಶನದ, ಯಶ್ ನಟಿಸಿದ 'ಕೆ.ಜಿ.ಎಫ್.' ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಬಂತು. ಎರಡನೆಯದು 2022ರ ಏಪ್ರಿಲ್ 14ರಂದು. ಆ ದಿನ ಅಂಬೇಡ್ಕರ್ ಜಯಂತಿ. ಐದು ಭಾಷೆಗಳಲ್ಲಿ ತೆರೆ ಕಂಡ ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ದಾಟಿತು. ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಡೆಯುವ ಈ ಕಥೆ ಹಳೆಯ 'ಆಂಗ್ರಿ ಯಂಗ್ ಮ್ಯಾನ್' ಚಿತ್ರಗಳ ಗತ್ತನ್ನು ಬೇಕಂತಲೇ ವಾಪಸು ತಂದಿತು. ತಾಯಿಗೆ ಕೊಟ್ಟ ಮಾತು, ಮುಂಬಯಿಯ ಹಡಗುಕಟ್ಟೆ, ಚಿನ್ನ, ಸುತ್ತಿಗೆ, ಬಂದೂಕು. ಕೇರಿಯ ಹುಡುಗರು ಮತ್ತೆ ಮತ್ತೆ ನೋಡಿದರು. ಕಾರಣವೂ ಇದೆ. ಇಲ್ಲಿ ನಾಯಕನ ಕೈಗೆ ಅರಮನೆಯ ಪರವಾನಗಿ ಇಲ್ಲ, ಸರ್ಕಾರದ ಪರವಾನಗಿಯೂ ಇಲ್ಲ. ಅವನು ಬಡ ತಾಯಿಯ ಮಗ. ಎಂಬತ್ತು ವರ್ಷಗಳ ಸೂತ್ರ ಇಲ್ಲಿ ಮುರಿದಿದೆ. ಆ ಶಿಳ್ಳೆಯಲ್ಲಿ ನ್ಯಾಯವಿದೆ.

ಆದರೆ ಗಣಿಯೊಳಗಿನ ಜನ? ಸಿನಿಮಾದಲ್ಲಿ ಅವರು ಮೈಗೆಲ್ಲ ಧೂಳು ಮೆತ್ತಿದ ಗುಲಾಮರು. ಅವರ ಜಾತಿ ಯಾವುದು, ಯಾಕೆ ಅವರೇ ಗಣಿಗೆ ಇಳಿದರು ಎಂದು ಕಥೆ ಕೇಳುವುದಿಲ್ಲ. ಹೊಡೆಸಿಕೊಳ್ಳುತ್ತಾರೆ, ಸಾಯುತ್ತಾರೆ, ಒಬ್ಬ ಬರಲಿ ಎಂದು ಕಾಯುತ್ತಾರೆ. ಅವನು ಬರುತ್ತಾನೆ, ಯಜಮಾನನನ್ನು ಕೊಂದು ತಾನೇ ಸುಲ್ತಾನನಾಗುತ್ತಾನೆ. ಜನಕ್ಕೆ ಮನೆ ಕಟ್ಟಿಸುತ್ತಾನೆ. ಅಗೆತ ಮಾತ್ರ ನಿಲ್ಲುವುದಿಲ್ಲ. ಧಣಿ ಬದಲಾದ, ಗಣಿ ಹಾಗೇ ಇದೆ.

ಇದು ಕಟ್ಟುಕಥೆ, ಅದಕ್ಕೆ ಕಟ್ಟುಕಥೆಯ ಸ್ವಾತಂತ್ರ್ಯ ಇದೆ, ಒಪ್ಪೋಣ. ಆದರೆ ಅದು ಎತ್ತಿಕೊಂಡ ಹೆಸರು ಕೋಲಾರ ಜಿಲ್ಲೆಯ ಒಂದು ನಿಜವಾದ ಊರಿನದು, ಚಿತ್ರೀಕರಣ ನಡೆದದ್ದರಲ್ಲಿ ಆ ಊರಿನ ಸೈನೈಡ್ ದಿಬ್ಬಗಳೂ ಸೇರಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಉತ್ತರ ಆರ್ಕಾಟು ಮುಂತಾದ ಕಡೆಯಿಂದ ಬಂದ ತಮಿಳು ಆದಿದ್ರಾವಿಡರು, ಪಕ್ಕದ ಸೀಮೆಯ ತೆಲುಗು ನುಡಿಯ ದಲಿತರು ಭೂಮಿಯೊಳಗೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ಗಣಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿದೀಪ ಅದಕ್ಕಿಂತ ಮೂರು ವರ್ಷ ತಡ. ಕಾರ್ಮಿಕರು ಮಾತ್ರ ಲೈನುಗಳ ತಟ್ಟಿ ಮನೆಗಳಲ್ಲಿದ್ದರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಸತ್ತರು.

ಅವರು ಯಾರನ್ನೂ ಕಾಯುತ್ತಾ ಕೂರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಅಲ್ಲಿ ಬೇರುಬಿಟ್ಟಿತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ 1956ಕ್ಕಿಂತ ಅರ್ಧ ಶತಮಾನ ಮೊದಲೇ ಅಲ್ಲಿನ ಅಸ್ಪೃಶ್ಯರು ಬುದ್ಧನ ಹೆಸರು ಹೇಳುತ್ತಿದ್ದರು. ಮಾರಿಕುಪ್ಪಂನ ಸಿದ್ಧಾರ್ಥ ಪುಸ್ತಕಶಾಲೆ ಅಯೋತಿದಾಸರ ಬರಹಗಳನ್ನು ಪ್ರಕಟಿಸಿತು. ಪಾತಾಳಕ್ಕೆ ಇಳಿಯುತ್ತಿದ್ದ ಜನ ಪುಸ್ತಕ ಹೊರತರುತ್ತಿದ್ದರು! 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ ಅವರು ಮುಷ್ಕರ ಹೂಡಿದರು. ಕಳ್ಳರ ಬೆರಳಚ್ಚು ತೆಗೀತಾರೆ, ನಾವೇನು ಕಳ್ಳರಾ ಎಂಬುದು ಆ ಸಿಟ್ಟಿನ ತಿರುಳು. ಏಕಲವ್ಯನ ಕಥೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಗುರು ಕೇಳಿದ, ಅವನು ಹೆಬ್ಬೆರಳು ಕೊಟ್ಟ. ಕೋಲಾರದ ಗಣಿಯಲ್ಲಿ ಕಂಪನಿ ಕೇಳಿತು, ಇವರು ಕೊಡುವುದಿಲ್ಲ ಅಂದರು. 1946ರ ನವೆಂಬರಿನಲ್ಲಿ ಇನ್ನೊಂದು ಹೋರಾಟದ ನಡುವೆ ಪೊಲೀಸರ ಗೋಲಿಬಾರಿಗೆ ಆರು ಕಾರ್ಮಿಕರು ಬಲಿಯಾದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬಂದರು. ಆ ರೈಲಿನಲ್ಲಿ ಬಂದ ಹುಡುಗನೂ 'ಕೆ.ಜಿ.ಎಫ್.' ನೋಡಿ ಶಿಳ್ಳೆ ಹೊಡೆದಿರುತ್ತಾನೆ. ಪರದೆಯ ಮೇಲೆ ತನ್ನ ಊರ ಹೆಸರಿತ್ತು. ಬೆರಳು ಒತ್ತಲು ಒಲ್ಲೆನೆಂದ ಅವನ ತಾತ ಅಲ್ಲಿರಲಿಲ್ಲ.

6

ಹಾಗಾದರೆ ಈ ಮಜಾವನ್ನು ಬಿಟ್ಟುಬಿಡಬೇಕೆ? ಹಾಗೆ ಹೇಳುವ ವಿಮರ್ಶೆ ಮತ್ತೆ ಬಾಲ್ಕನಿಯ ವಿಮರ್ಶೆಯೇ ಆಗುತ್ತದೆ. ದಣಿದ ಮೈಗೆ ನಗುವ, ಕೂಗುವ ಹಕ್ಕಿದೆ. ಆ ಹಕ್ಕಿಗೆ ಯಾವ ಸಿದ್ಧಾಂತದ ರುಜುವೂ ಬೇಕಿಲ್ಲ. ಅಂಥ ಸಿನಿಮಾವನ್ನು ಬಿಡದೆಯೇ ಬೇರೆ ದಾರಿ ಹುಡುಕಬಹುದು ಎಂಬುದಕ್ಕೆ ಸಾಕ್ಷಿಗಳೂ ಇವೆ. ಪಾ. ರಂಜಿತ್ 2018ರ 'ಕಾಲಾ'ದಲ್ಲಿ ರಜನಿಕಾಂತರ ಗತ್ತನ್ನು ಹಾಗೇ ಉಳಿಸಿಕೊಂಡು, ಧಾರಾವಿಯ ನೆಲದ ಜಗಳವನ್ನು ಅದರೊಳಗೆ ತಂದರು. 2024ರ 'ತಂಗಲಾನ್' ನೇರವಾಗಿ ಕೋಲಾರದ ಚಿನ್ನಕ್ಕೇ ಹೋಯಿತು. ಉತ್ತರ ಆರ್ಕಾಟಿನ ದಲಿತರು ಬಿಳಿಯನ ಜೊತೆ ಚಿನ್ನ ಹುಡುಕಿ ಹೊರಡುವ ಆ ಕಥೆಯಲ್ಲೂ ಅತಿರೇಕವಿದೆ, ಮಾಯೆಯಿದೆ, ರಕ್ತವಿದೆ. ಆದರೆ ಅಲ್ಲಿ ಹೊಡೆಯುವ ಕೈಗೆ ಜಾತಿ ಇದೆ, ಊರಿದೆ, ಪೂರ್ವಜರಿದ್ದಾರೆ. ಇದನ್ನು ಮಾಡಿದ್ದು ತಮಿಳು ಸಿನಿಮಾ. ಕೋಲಾರ ಇರುವುದು ಕರ್ನಾಟಕದಲ್ಲಿ.

ಕನ್ನಡದ ದಲಿತ ವಿಮರ್ಶೆ ಪುಸ್ತಕದ ಪಠ್ಯಗಳನ್ನು ಒಡೆದು ಓದುವುದನ್ನು ಕಲಿತಿದೆ. ಪುರಾಣದೊಳಗಿನ ಶಂಬೂಕನನ್ನು, ಏಕಲವ್ಯನನ್ನು ಹೊರಗೆ ತಂದಿದೆ. ನಮ್ಮವರು ನಿಜವಾಗಿ ನೋಡುವ ಸಿನಿಮಾದ ಹತ್ತಿರಕ್ಕೂ ಅದೇ ಓದನ್ನು ಒಯ್ಯಬೇಕು. ಹುಡುಗರ ಪಕ್ಕದಲ್ಲೇ ಕೂತು, ಬೇಕಾದರೆ ಅವರ ಜೊತೆ ಶಿಳ್ಳೆ ಹೊಡೆದು, ಆಮೇಲೆ ಹೊರಗೆ ಟೀ ಅಂಗಡಿಯಲ್ಲಿ 'ಹರಳಯ್ಯ ಎಲ್ಲಪ್ಪ ಈ ಕಥೇಲಿ?' ಅಂತ ಕೇಳಬೇಕು. ಲಾಜಿಕ್ ಕೇಳಬೇಡ ಅಂದವರಿಗೆ, ಲಾಜಿಕ್ ಇರಲಿ ಬಿಡಿ, ನಮ್ಮ ಪಾಲು ಕೇಳ್ತಿದೀವಿ ಅನ್ನಬೇಕು.