ಬಿಟ್ಟುಕೊಡುವ ಸರದಿ: ವಿಮಾನ ನೌಕರರ ಒಡಕು ಮತ್ತು ಭದ್ರಾವತಿಯ ಗೇಟು

2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆ ನಡೆಯಿತು. ಆ ಹೊತ್ತಿಗೆ ಭದ್ರಾವತಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತಿದ್ದರು. ಕಾರ್ಖಾನೆಯನ್ನು ಮುಚ್ಚುವುದೆಂದು ಅದರ ಒಡೆಯ ಸಂಸ್ಥೆಯಾದ ಸೈಲ್‌ನ ಆಡಳಿತ ಮಂಡಳಿ ಜನವರಿಯಲ್ಲಿ ತೀರ್ಮಾನಿಸಿತ್ತು. ಶಿವಮೊಗ್ಗದ ನವುಲೆಯಲ್ಲಿರುವ ನಮ್ಮಂಥವರಿಗೆ ಎರಡೂ ಮನೆಯ ಸುದ್ದಿಗಳೇ. ಈ ಎರಡು ಊರುಗಳ ನಡುವೆ ಓಡಾಡುತ್ತ ನನ್ನನ್ನು ಕಾಡಿದ ಪ್ರಶ್ನೆಯೇ ಈ ಲೇಖನದ ವಿಷಯ: ಸಂಸ್ಥೆ ನಷ್ಟಕ್ಕೆ ಬಿದ್ದಾಗ ದುಡಿಯುವವರು ತಮ್ಮತಮ್ಮಲ್ಲೇ ಏಕೆ ಒಡೆಯುತ್ತಾರೆ? ‘ನಮ್ಮವರಲ್ಲಿ ಒಗ್ಗಟ್ಟಿಲ್ಲ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಕಾರ್ಮಿಕರ ಸ್ವಭಾವದ ಮೇಲೆ ಹೊರಿಸಿದ ಅನ್ಯಾಯದ ಆರೋಪ ಎಂಬುದು ನನ್ನ ವಾದ. ಯಾರು, ಯಾವಾಗ, ಎಷ್ಟು ಬಿಟ್ಟುಕೊಡಬೇಕು ಎಂಬ ಸರದಿಯನ್ನು ಆಡಳಿತವೇ ನಿಗದಿ ಮಾಡುತ್ತದೆ. ಒಡಕು ಹುಟ್ಟುವುದು ಆ ಸರದಿಯಲ್ಲಿ.

ಇದನ್ನು ಸ್ಪಷ್ಟವಾಗಿ ತೋರಿಸುವ ಪ್ರಕರಣ ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್. 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆ, ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ನನ್ನು 2007–08ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. 2012ರ ಹೊತ್ತಿಗೆ ಬ್ಯಾಂಕ್ ಸಾಲ 7 ಸಾವಿರ ಕೋಟಿ ರೂಪಾಯಿಯನ್ನು ದಾಟಿತ್ತು. ನೌಕರರ ಸಂಬಳದಿಂದ ಮುರಿದುಕೊಂಡ ತೆರಿಗೆ ಕೂಡ ಇಲಾಖೆಗೆ ಸರಿಯಾಗಿ ಸಂದಾಯವಾಗಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ, ತಿಂಗಳುಗಟ್ಟಲೆ ತಡವಾದ ಸಂಬಳವನ್ನು ಹಂಚಲು ಆಡಳಿತ ಒಂದು ಕ್ರಮ ಹೇಳಿತು: ಮೊದಲು ಕೆಳಹಂತದ ನೌಕರರಿಗೆ, ಕೆಲವು ದಿನ ಬಿಟ್ಟು ಪೈಲಟ್ ಮತ್ತು ಇಂಜಿನಿಯರುಗಳಿಗೆ. ಕೇಳಲು ಇದು ನ್ಯಾಯವಾಗಿಯೇ ಇದೆ, ಕಡಿಮೆ ಸಂಬಳದವನ ಮನೆಯಲ್ಲಿ ಅಕ್ಕಿ ಮೊದಲು ಮುಗಿಯುತ್ತದೆ. ಆದರೆ ಒಂದೇ ಬಾಕಿಗೆ ಎರಡು ತಾರೀಕು ಬಂದ ದಿನ ಒಂದೇ ಸಂಸ್ಥೆಯಲ್ಲಿ ಎರಡು ಬಗೆಯ ಕಾಯುವಿಕೆ ಶುರುವಾಯಿತು. ಸಂಬಳ ಕೈಗೆ ಬಂದವನಿಗೆ ಇನ್ನೂ ಸ್ವಲ್ಪ ತಾಳೋಣ ಅನ್ನಿಸುತ್ತದೆ. ಬಾರದವನಿಗೆ ಆ ಮಾತೇ ದ್ರೋಹದಂತೆ ಕೇಳಿಸುತ್ತದೆ.

ಹೊರಹೋಗುವ ಬಾಗಿಲೂ ಎಲ್ಲರಿಗೂ ಒಂದೇ ಅಳತೆಯದಾಗಿರಲಿಲ್ಲ. ಲೈಸೆನ್ಸ್ ಮತ್ತು ಹಾರಾಟದ ಗಂಟೆಗಳ ಲೆಕ್ಕ ಇರುವ ಪೈಲಟ್ ಬೇರೆ ಸಂಸ್ಥೆಗೆ ಅರ್ಜಿ ಹಾಕಬಲ್ಲ, ಹಲವರು ಹಾಗೆ ಹೋದರು. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವಳಿಗೆ, ಲಗೇಜ್ ಎತ್ತುವವನಿಗೆ ಆ ಅವಕಾಶ ಕಡಿಮೆ. ಇಂಜಿನಿಯರುಗಳ ಕೈಯಲ್ಲಿ ಬೇರೊಂದು ಶಕ್ತಿಯಿತ್ತು: ನಿರ್ವಹಣಾ ಇಂಜಿನಿಯರ್ ಸಹಿ ಹಾಕದೆ ವಿಮಾನ ಸೇವೆಗೆ ಇಳಿಯುವಂತಿಲ್ಲ. ಮಾರ್ಚ್‌ನಿಂದ ಸಂಬಳವಿಲ್ಲದ ಇಂಜಿನಿಯರುಗಳು ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ನಿಲ್ಲಿಸಿದಾಗ ಇಡೀ ಹಾರಾಟ ನಿಂತದ್ದು ಇದರಿಂದ. ಅಕ್ಟೋಬರ್ 1ರಂದು ಆಡಳಿತ ಲಾಕೌಟ್ ಘೋಷಿಸಿತು. ಅದೇ ವಾರ ದೆಹಲಿಯಲ್ಲಿ ನೌಕರರೊಬ್ಬರ ಹೆಂಡತಿ ಜೀವ ಕಳೆದುಕೊಂಡರು. 20ರಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. 25ರಂದು, ಬಾಕಿಯನ್ನು ಕಂತಿನಲ್ಲಿ ಕೊಡುವ ಭರವಸೆಯನ್ನು ಒಪ್ಪಿ ನೌಕರರು ಕೆಲಸಕ್ಕೆ ಮರಳಲು ಮುಂದಾದರು. ವಿಮಾನ ಮತ್ತೆ ಹಾರಲಿಲ್ಲ. ಡಿಸೆಂಬರ್ 31ಕ್ಕೆ ಪರವಾನಗಿಯ ಅವಧಿಯೂ ಮುಗಿಯಿತು.

ಅಕ್ಟೋಬರ್ 25ರ ಒಪ್ಪಂದವನ್ನು ಶರಣಾಗತಿ ಎಂದು ಕರೆಯುವುದು ಸುಲಭ. ನಾನು ಹಾಗೆ ಓದಲಾರೆ. ಏಳು ತಿಂಗಳ ಸಂಬಳ ಬಾಕಿಯಿದ್ದವರು ಮೂರು–ನಾಲ್ಕು ತಿಂಗಳದ್ದಾದರೂ ದೀಪಾವಳಿಯ ಆಸುಪಾಸಿಗೆ ಸಿಕ್ಕೀತೆಂದು ಒಪ್ಪುವುದರಲ್ಲಿ ಅಂಜಿಕೆಗಿಂತ ಮನೆಯ ಲೆಕ್ಕ ದೊಡ್ಡದು. ಅವರ ಪರವಾಗಿ ಆಡಳಿತದೆದುರು ಕೂರಲು ಮಾನ್ಯತೆ ಪಡೆದ ಸಂಘವೇ ಇರಲಿಲ್ಲ. ಕೂತವರು ಆಯಾ ವಿಭಾಗದ, ಆಯಾ ಊರಿನ ಪ್ರತಿನಿಧಿಗಳು.

ಹಾಗಾದರೆ ಸಂಘವಿದ್ದರೆ ಒಡಕು ತಪ್ಪುತ್ತಿತ್ತೇ? ಏರ್ ಇಂಡಿಯಾದ ಅನುಭವ ಬೇರೆಯದನ್ನೇ ಹೇಳುತ್ತದೆ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಒಂದಾದವು, ಪೈಲಟ್ ಸಂಘಗಳು ಎರಡಾಗಿಯೇ ಉಳಿದವು. 2011ರ ಏಪ್ರಿಲ್–ಮೇನಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಬಣದ ಪೈಲಟ್‌ಗಳು ಸಮಾನ ವೇತನಕ್ಕಾಗಿ 10 ದಿನ ಮುಷ್ಕರ ಹೂಡಿದರು. ಮರುವರ್ಷ ಇನ್ನೊಂದು ಬಣ, ಬೋಯಿಂಗ್ 787ರ ತರಬೇತಿಯನ್ನು ಮೊದಲ ಬಣದವರಿಗೂ ಕೊಡುವುದನ್ನು ವಿರೋಧಿಸಿ 58 ದಿನ ಹಾರಾಟ ಬಿಟ್ಟಿತು. ಇಲ್ಲಿ ಸಂಘ ಬಲವಾಗಿತ್ತು. ಆದರೆ ಒಂದು ಸಂಘ ಕಾಯುತ್ತಿದ್ದ ಬಡ್ತಿಯ ಸರದಿ ಇನ್ನೊಂದು ಸಂಘದ ನಷ್ಟವಾಗಿತ್ತು. ಎರಡು ಸೇವಾ ಪಟ್ಟಿಗಳನ್ನು ಹೊಂದಿಸದೆ ಎರಡು ಸಂಸ್ಥೆಗಳನ್ನು ಕೂಡಿಸಿದವರು ಪೈಲಟ್‌ಗಳಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಈಗ ಭದ್ರಾವತಿಗೆ ಬರೋಣ. 1923ರಲ್ಲಿ ಊದುಕುಲುಮೆ ಹೊತ್ತಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯೇ ಇಂದಿನ ವಿಐಎಸ್‌ಎಲ್. 1989ರಲ್ಲಿ ಸೈಲ್‌ನ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2016ರಲ್ಲಿ ಷೇರು ಮಾರಾಟಕ್ಕೆ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟಿತು, ಕೊಳ್ಳುವವರು ಬರದೆ 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಡಲಾಯಿತು. ಮುಚ್ಚುವ ಸುದ್ದಿ ಬಂದಾಗ ಕಾಯಂ ನೌಕರರು ಕೆಲವೇ ನೂರು ಜನ, ಗುತ್ತಿಗೆಯವರು ಸಾವಿರಕ್ಕೂ ಹೆಚ್ಚು. ಕಾಯಂ ನೌಕರನಿಗೆ ಸೈಲ್‌ನ ಬೇರೆ ಘಟಕಕ್ಕೆ ವರ್ಗವಾಗುವ ದಾರಿಯಾದರೂ ಇದೆ. ಅದೇ ಕುಲುಮೆಯ ಬಿಸಿ ತಿಂದ ಗುತ್ತಿಗೆಯವನಿಗೆ ಕಾನೂನಿನ ಪ್ರಕಾರ ಧಣಿ ಗುತ್ತಿಗೆದಾರ, ಸೈಲ್ ಅಲ್ಲ. ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲೂ ಅದರ ಹೊರಗಿನ ಬಾಡಿಗೆ ಮನೆಯಲ್ಲೂ ಕಾರ್ಖಾನೆ ಉಳಿಯಲಿ ಎಂಬ ಮಾತು ಒಂದೇ ಆಗಿದ್ದರೂ ಅದರ ಹಿಂದಿನ ಭಯ ಒಂದೇ ಅಲ್ಲ.

ಭದ್ರಾವತಿಯದೇ ಪೇಪರ್ ಟೌನಿನಲ್ಲಿ ಇದು ಮೊದಲೇ ನಡೆದಿತ್ತು. 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು, ಮುಂದೆ ಸ್ವಯಂ ನಿವೃತ್ತಿ ಯೋಜನೆ (ವಿಆರ್‌ಎಸ್) ಬಂತು. ತೆಗೆದುಕೊಂಡವರಿದ್ದರು, ತೆಗೆದುಕೊಂಡರೆ ಕಾರ್ಖಾನೆಯ ಕಥೆ ಮುಗಿದಂತೆ ಎಂದು ನಿರಾಕರಿಸಿದವರೂ ಇದ್ದರು. ಒಂದೇ ಬೀದಿಯ ಎರಡು ಮನೆಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದರಲ್ಲಿ ಮಗಳ ಮದುವೆಯ ವರ್ಷ, ಉಳಿದ ಸೇವೆಯ ವರ್ಷ ಇಂಥವೇ ದೊಡ್ಡ ಕಾರಣಗಳು ಎಂದು ನಾನು ನಂಬುತ್ತೇನೆ.

ಈ ಒಡಕಿಗೆ ಕಾನೂನೂ ಒಂದು ಕೈ ಸೇರಿಸಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 18ನೇ ಕಲಮಿನಂತೆ, ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು, ಹೊರಗೆ ಮಾಡಿಕೊಂಡದ್ದು ಸಹಿ ಹಾಕಿದವರಿಗಷ್ಟೇ. ಆಡಳಿತ ತನಗೆ ಅನುಕೂಲವಾದ ಸಂಘದ ಜೊತೆ ಬೇರೆಯಾಗಿ ಕೂರಲು ಈ ಎರಡನೆಯ ದಾರಿ ಸಾಕಾಗಿತ್ತು. ಬಹುಮತದ ಸಂಘ ಯಾವುದೆಂದು ನಿರ್ಧರಿಸುವ ನಿಯಮ ಆ ಕಾಯ್ದೆಯಲ್ಲಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಆ ಕೊರತೆಯನ್ನು ತುಂಬಿ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51ರ ಬೆಂಬಲವಿರುವ ಸಂಘವನ್ನೇ ಮಾತುಕತೆಯ ಸಂಘವೆಂದು ಗುರುತಿಸುತ್ತದೆ.

ಆದರೆ ಯಾರ ಹಾಜರಿ ಪಟ್ಟಿ? ಇಂಡಿಗೋವನ್ನೇ ನೋಡಿ. 2023ರ ಆಗಸ್ಟ್ 31ರಂದು ಸೋಗಾನೆಗೆ ಮೊದಲ ಪ್ರಯಾಣಿಕ ವಿಮಾನ ತಂದ ಇಂಡಿಗೋ ಕೊರೊನಾ ಕಾಲದಲ್ಲಿ ಸಂಬಳ ಕಡಿತ ಮಾಡಿತ್ತು, ಹತ್ತರಲ್ಲೊಬ್ಬರನ್ನು ಮನೆಗೆ ಕಳಿಸಿತ್ತು. 2022ರ ಜುಲೈಯಲ್ಲಿ ಅದರ ಗಗನಸಖಿಯರು, ಬಳಿಕ ತಂತ್ರಜ್ಞರು ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. ಅದರ ನೆಲದ ಕೆಲಸಕ್ಕೆ ಅಜೈಲ್ ಎಂಬ ಬೇರೆಯೇ ಅಂಗಸಂಸ್ಥೆಯಿದೆ. ವಿಮಾನದ ಮೆಟ್ಟಿಲಿನ ಮೇಲೆ ನಿಂತವಳೂ ಕೆಳಗೆ ಲಗೇಜ್ ಇಳಿಸುವವನೂ ಒಂದೇ ಹಾರಾಟಕ್ಕೆ ದುಡಿಯುತ್ತಾರೆ, ಆದರೆ ಶೇ. 51ರ ಲೆಕ್ಕ ಹಾಕುವ ದಿನ ಅವರ ಹೆಸರುಗಳು ಎರಡು ಬೇರೆ ಪಟ್ಟಿಗಳಲ್ಲಿರುತ್ತವೆ, ಭದ್ರಾವತಿಯ ಗೇಟಿನೊಳಗೆ ಕಾಯಂ ಮತ್ತು ಗುತ್ತಿಗೆಯವರ ಹೆಸರುಗಳು ಇರುವ ಹಾಗೆಯೇ.