‘ಮೇ ನಾಟ್’ ಮತ್ತು ಕನ್ನಡದ ನಿಷೇಧ: ಗಡಿನಾಡಿನ ಇಂಗ್ಲಿಷ್ ಪಾಠಕ್ಕೊಂದು ವ್ಯಾಕರಣ ವಿಚಾರ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಬಿಳೂರದಂಥ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಮನೆಮಾತು ಕನ್ನಡ, ರಾಜ್ಯಭಾಷೆ ಮರಾಠಿ, ಇಂಗ್ಲಿಷ್ ಮೂರನೆಯದು. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಸಾಧ್ಯತೆ ಮತ್ತು ಅನುಮತಿಯನ್ನು ಸೂಚಿಸುವ ‘ಕ್ಯಾನ್’, ‘ಮೇ’ ಕ್ರಿಯಾಪದಗಳ ಅಭ್ಯಾಸವನ್ನು ಅಲ್ಲಿ ಯಾವ ತುದಿಯಿಂದ ಆರಂಭಿಸಬೇಕು ಎಂಬುದು ಈ ಲೇಖನದ ಪ್ರಶ್ನೆ.

ಇಂಥ ಕ್ರಿಯಾಪದಗಳಲ್ಲಿ ಊಹೆಯ ಅರ್ಥ ಬೇರೆ, ಅಪ್ಪಣೆಯ ಅರ್ಥ ಬೇರೆ ಎಂಬ ವಿಂಗಡಣೆ ಭಾಷಾವಿಜ್ಞಾನಿ ಎಫ್. ಆರ್. ಪಾಮರ್ ಅವರ ಬರಹಗಳಿಂದ ನೆಲೆಗೊಂಡಿದೆ. ಸಾಂಗ್ಲಿ ಜಿಲ್ಲೆಯದೇ ಆದ ಕುಪವಾಡದ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿದೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಇವೆರಡರ ಬಗ್ಗೆ ಇಲ್ಲಿ ತಕರಾರಿಲ್ಲ. ತಕರಾರಿರುವುದು ರಾಬರ್ಟ್ ಲಾಡೊ 1957ರಲ್ಲಿ ಮಂಡಿಸಿದ ಸೂತ್ರದ ಬಗ್ಗೆ: ಮಾತೃಭಾಷೆಯನ್ನು ಹೋಲುವುದು ಸುಲಭ, ಹೋಲದ್ದು ಕಠಿಣ.

ನಿಷೇಧವಿಲ್ಲದ ವಾಕ್ಯಗಳಲ್ಲಿ ಈ ಸೂತ್ರ ನಿಲ್ಲುತ್ತದೆ. ‘ಮಳೆ ಬರಬಹುದು’ ಎಂಬುದು ಊಹೆ, ‘ನೀನು ಒಳಗೆ ಬರಬಹುದು’ ಎಂಬುದು ಅಪ್ಪಣೆ. ಎರಡಕ್ಕೂ ‘ಬಹುದು’ ಒಂದೇ. ಇಂಗ್ಲಿಷಿನ ‘ಮೇ’ ಕೂಡ ಹಾಗೆಯೇ. ಆದರೆ ನಿಷೇಧಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ‘ಹಿ ಮೇ ನಾಟ್ ಕಮ್’ ಎಂದರೆ ಅವನು ಬಾರದೆ ಇರಬಹುದು. ‘ಯೂ ಮೇ ನಾಟ್ ಕಮ್ ಇನ್’ ಎಂದರೆ ನೀನು ಒಳಗೆ ಬರಬಾರದು. ಮೊದಲನೆಯದರಲ್ಲಿ ಇಲ್ಲವೆನ್ನುವುದು ಬರುವ ಕ್ರಿಯೆಯನ್ನು, ಸಾಧ್ಯತೆ ಹಾಗೇ ಉಳಿಯುತ್ತದೆ. ಎರಡನೆಯದರಲ್ಲಿ ಅನುಮತಿಯನ್ನೇ ಇಲ್ಲವೆನ್ನಲಾಗಿದೆ. ಇಂಗ್ಲಿಷ್ ಈ ಭೇದವನ್ನು ಒಂದೇ ರೂಪದಲ್ಲಿ ಮುಚ್ಚಿಡುತ್ತದೆ. ಕನ್ನಡದಲ್ಲಿ ಅದು ಪದದ ಕಟ್ಟಿನಲ್ಲೇ ಕಾಣುತ್ತದೆ: ‘ಬಾರದೆ ಇರಬಹುದು’ ಎಂಬಲ್ಲಿ ‘ಬಹುದು’ ಅಳಿಯದೆ ಕೊನೆಗೆ ನಿಂತಿದೆ, ‘ಬರಬಾರದು’ ಎಂಬಲ್ಲಿ ಅದೇ ನಿಷೇಧವಾಗಿದೆ.

ಲಾಡೊ ಪ್ರಕಾರ ಈ ವ್ಯತ್ಯಾಸ ಕಲಿಕೆಯ ಮುಳ್ಳು. ನನ್ನ ವಾದ ಇದಕ್ಕೆ ವಿರುದ್ಧ: ಇಲ್ಲಿ ವ್ಯತ್ಯಾಸವೇ ಆಸರೆ. ವಾಕ್ಯದ ಯಾವ ಭಾಗಕ್ಕೆ ನಿಷೇಧ ತಗಲುತ್ತದೆ ಎಂಬ ಅರಿವು ಮಗುವಿಗೆ ಮನೆಮಾತಿನಲ್ಲೇ ಇದೆ. ಪಾಠ ಅದನ್ನು ಮುನ್ನೆಲೆಗೆ ತಂದರೆ ಸಾಕು.

ಈ ಮಾತಿಗೆ ಮಿತಿಗಳಿವೆ. ಒಂದು, ‘ಬಹುದು’, ‘ಬಾರದು’ ಎರಡೂ ‘ಬರು’ ಧಾತುವಿನಿಂದಲೇ ಹುಟ್ಟಿದವು. ಹಳಗನ್ನಡದಲ್ಲಿ ‘ಬಾರದು’ ಅಸಾಧ್ಯವೆಂಬ ಅರ್ಥವನ್ನೂ ಕೊಡುತ್ತಿತ್ತು. ಆದ್ದರಿಂದ ವಾದ ಇಂದಿನ ಬಳಕೆಗೆ ಮಾತ್ರ ಸಲ್ಲುತ್ತದೆ. ಎರಡು, ‘ಬರಲಿಕ್ಕಿಲ್ಲ’ ಎಂಬುದು ‘ಮೇ ನಾಟ್’ಗಿಂತ ಬಲವಾದ ಊಹೆ, ಅದನ್ನು ಸಮಾನವೆಂದು ಕಲಿಸಿದರೆ ಹೊಸ ಗೊಂದಲ. ಮೂರು, ಮತ್ತು ಮುಖ್ಯವಾಗಿ, ಉತ್ತರ ಭಾಗದ ಆಡುಗನ್ನಡ ಶಿಷ್ಟ ಕನ್ನಡದಷ್ಟು ಸ್ಪಷ್ಟವಲ್ಲ. ‘ಅಂವ ನಾಳೆ ಬರಂಗಿಲ್ಲ’ ಎಂಬುದು ಸುದ್ದಿ, ‘ಇಲ್ಲಿ ಯಾರೂ ಕುಂದ್ರಂಗಿಲ್ಲ’ ಎಂಬುದು ಕಟ್ಟಪ್ಪಣೆ. ರೂಪ ಮಾತ್ರ ಒಂದೇ. ಹೀಗಾಗಿ ಅಭ್ಯಾಸದ ವಾಕ್ಯಗಳನ್ನು ‘ಬಾರದು’ ಮತ್ತು ‘ಇರಬಹುದು’ಗಳ ಮೇಲೆ ಕಟ್ಟುವುದು ಕ್ಷೇಮ.

ಅನುಮತಿ ಕೇಳುವ ಪರಿಯನ್ನೂ ಗಮನಿಸಬೇಕು. ತರಗತಿಯ ಬಾಗಿಲಲ್ಲಿ ‘ಮೇ ಐ ಕಮ್ ಇನ್ ಸರ್’ ಎನ್ನುವ ಮಗು ಮನೆಯಲ್ಲಿ ಕೇಳುವುದು ‘ಒಳಗ ಬರ್ಲ್ಯಾ?’ ಎಂದು. ಮರಾಠಿಯ ‘ಆತ ಯೇಊ ಕಾ?’ಗೂ ಅದೇ ಕಟ್ಟು. ಎರಡರಲ್ಲೂ ‘ಬಹುದು’ವಿನಂಥ ಸಹಾಯಕ ಕ್ರಿಯಾಪದವಿಲ್ಲ. ಹಾಗಾಗಿ ಇಂಗ್ಲಿಷ್ ವಾಕ್ಯ ಬಿಡಿಸಿ ನೋಡದ ಇಡೀ ಉಕ್ತಿಯಾಗಿ, ನಮಸ್ಕಾರದಂತೆ, ಬಾಯಿಗೆ ಬರುತ್ತದೆ. ಅದನ್ನು ದಿನಾ ಹೇಳಿದ ಮಾತ್ರಕ್ಕೆ ‘ಮೇ’ ಕೈವಶವಾಯಿತೆಂದು ತಿಳಿಯುವುದು ಆತುರ.

ಆದ್ದರಿಂದ ‘ಮೇ ನಾಟ್’ನ ಎರಡು ವಾಕ್ಯಗಳನ್ನು ಎದುರುಬದುರಿಟ್ಟು, ಕನ್ನಡದ ಜೋಡಿಯ ಮೂಲಕ ಅಭ್ಯಾಸ ಆರಂಭಿಸಬೇಕೆಂದು ಸೂಚಿಸುತ್ತೇನೆ. ಇದು ವ್ಯಾಕರಣದಿಂದ ಕಂಡ ತೀರ್ಮಾನ. ತರಗತಿಯ ಪರೀಕ್ಷೆ ಇನ್ನೂ ಆಗಬೇಕು. ಮನೆಯಲ್ಲಿ ‘ಅಂಗಿಲ್ಲ’ ಬಳಸುವ ಮಕ್ಕಳಿಗೆ ಈ ಜೋಡಿ ಎಷ್ಟು ಒದಗುತ್ತದೆ, ಮರಾಠಿಯ ‘ಯೇಊ ಶಕತ ನಾಹೀ’ ಅಸಾಧ್ಯತೆಯನ್ನೂ ನಿಷೇಧವನ್ನೂ ಸೇರಿಸಿಕೊಂಡು ಅಡ್ಡಬರುತ್ತದೆಯೇ ಎಂಬುವು ಮುಂದಿನ ಕೆಲಸದ ಪ್ರಶ್ನೆಗಳು.