ಮುಂಬಯಿಯ ಬಂಡವಾಳ ಮತ್ತು ವಾಯುಪಡೆಯ ಬಲ

ಭಾರತೀಯ ವಾಯುಪಡೆಯಲ್ಲಿ ಮುಂದೆ ಎಷ್ಟು ಯುದ್ಧವಿಮಾನಗಳಿರಬೇಕು ಎಂಬುದನ್ನು ದೆಹಲಿಯ ಮಂಜೂರಾತಿ ಆದೇಶಗಳು ಹೇಳುತ್ತವೆಯಾದರೂ, ನಿಜವಾಗಿ ಎಷ್ಟಿರುತ್ತವೆ ಎಂಬುದು ದೇಶದ ಕಾರ್ಖಾನೆಗಳ ಸಾಮರ್ಥ್ಯಕ್ಕೆ ಕಟ್ಟುಬಿದ್ದಿದೆ. ಈ ಸತ್ಯವನ್ನು ಮುಂಬಯಿಯ ಉದ್ಯಮಿಗಳು ಸ್ವಾತಂತ್ರ್ಯಕ್ಕೂ ಮೊದಲೇ ಮನಗಂಡಿದ್ದರು.

1932ರ ಅಕ್ಟೋಬರ್ 8ರಂದು ವಾಯುಪಡೆ ಸ್ಥಾಪನೆಯಾಯಿತು. ಅದಾದ ಒಂದೇ ವಾರಕ್ಕೆ, 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತ ವಿಮಾನವನ್ನು ಜುಹುವಿನಲ್ಲಿ ಇಳಿಸಿದರು. ಟಾಟಾ ಹಾರಿಸಿದ ಪುಸ್ ಮಾತ್ ಆಗಲಿ, 1933ರಲ್ಲಿ ವಾಯುಪಡೆಯ ಮೊದಲ ಸ್ಕ್ವಾಡ್ರನ್ನಿಗೆ ದೊರೆತ ನಾಲ್ಕು ವಾಪಿಟಿಗಳಾಗಲಿ, ಎಲ್ಲವೂ ಬ್ರಿಟನ್ನಿನಲ್ಲಿ ತಯಾರಾದವು. ಈ ಪರಾವಲಂಬನೆಯನ್ನು ಮುರಿಯಲು ಮುಂದಾದವರು, ಸಿಂಧಿಯಾ ಹಡಗು ಕಂಪನಿಯಿಂದ ಹೆಸರಾಗಿದ್ದ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅವರು ಮೈಸೂರು ಸಂಸ್ಥಾನದ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲ ಪಡೆದು, ಸಂಸ್ಥಾನವು ಜಮೀನನ್ನೂ ಬಂಡವಾಳದ ಪಾಲನ್ನೂ ಒದಗಿಸಲಾಗಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಅಲ್ಲಿಂದ ಹೊರಬಂದಿತು. ಆದರೆ ಜಪಾನಿನ ದಾಳಿಯ ಭೀತಿ ಹೆಚ್ಚಿದ 1942ರಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಮುಂದೆ ಕಾರ್ಖಾನೆ ಅಮೆರಿಕದ ಸೇನಾವಿಮಾನಗಳ ದುರಸ್ತಿ ಕೇಂದ್ರವಾಗಿ, ನಿರ್ಮಾಣದ ಕೆಲಸ ಹಿಂದೆ ಸರಿಯಿತು.

ಸ್ವಾತಂತ್ರ್ಯದ ನಂತರವೂ ಅದೇ ಕೊರತೆ ಬೇರೆ ರೂಪದಲ್ಲಿ ಎದುರಾಯಿತು. 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗದೆ, ಅದರ ಬಳಕೆ ಮೂರು ಸ್ಕ್ವಾಡ್ರನ್‌ಗಳಿಗೆ ಸೀಮಿತವಾಯಿತು. ಸ್ಕ್ವಾಡ್ರನ್ ಎಂದರೆ ಸಾಮಾನ್ಯವಾಗಿ 16ರಿಂದ 18 ಯುದ್ಧವಿಮಾನಗಳ ಘಟಕ. ಚೀನಾ ಯುದ್ಧದ ಬಳಿಕ, 1964ರ ರಕ್ಷಣಾ ಯೋಜನೆಯು 45 ಸ್ಕ್ವಾಡ್ರನ್‌ಗಳ ಗುರಿಯನ್ನು ಇಟ್ಟುಕೊಂಡಿತು. ಅದೇ ವರ್ಷ ಬೆಂಗಳೂರಿನ ಕಂಪನಿ ಇಂದಿನ ಎಚ್‌ಎಎಲ್ ಆಗಿ ಪುನಾರಚನೆಗೊಂಡು, ಮಹಾರಾಷ್ಟ್ರದ ನಾಸಿಕದ ಬಳಿ ಮಿಗ್-21ರ ತಯಾರಿಕೆಯೂ ಅದರ ಪಾಲಿಗೆ ಬಂದಿತು.

ಆ ಮಿಗ್‌ಗಳು 2025ರ ಸೆಪ್ಟೆಂಬರ್ 26ರಂದು ನಿವೃತ್ತವಾದಾಗ, ಮಂಜೂರಾದ 42 ಸ್ಕ್ವಾಡ್ರನ್‌ಗಳ ಪೈಕಿ ಉಳಿದವು ಕೇವಲ 29. 2021ರಲ್ಲಿ 83, 2025ರಲ್ಲಿ 97, ಒಟ್ಟು 180 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಬೇಡಿಕೆ ಸಲ್ಲಿಸಲಾಗಿದ್ದು, ಅವು ಹತ್ತು ಸ್ಕ್ವಾಡ್ರನ್‌ಗಳಿಗೆ ಸಾಲುತ್ತವೆ. ಆದರೆ ಅವುಗಳ ಎಂಜಿನ್ ಅಮೆರಿಕದಿಂದಲೇ ಬರಬೇಕಾಗಿದ್ದು, ಪೂರೈಕೆ ತಡವಾದ್ದರಿಂದ ಹಸ್ತಾಂತರವೂ ಹಿಂದುಳಿದಿದೆ. ಈ ನಡುವೆ ಜಾಗ್ವಾರ್, ಮಿರಾಜ್‌ನಂಥ ಹಳೆಯ ವಿಮಾನಗಳ ಆಯುಷ್ಯವೂ ತೀರುತ್ತ ಬಂದಿದೆ. ಆದುದರಿಂದ ಬೇಡಿಕೆಪಟ್ಟಿಯನ್ನು ಉದ್ದವಾಗಿಸುವುದಕ್ಕಿಂತ, ಬೆಂಗಳೂರು ಮತ್ತು ನಾಸಿಕಗಳ ವಾರ್ಷಿಕ ಉತ್ಪಾದನೆಯನ್ನು ಹೆಚ್ಚಿಸಿ ಸ್ವದೇಶಿ ಎಂಜಿನ್ನನ್ನು ಸಾಧಿಸುವುದೇ ಮುಖ್ಯವಾದ ಕೆಲಸ; ವಾಲ್‌ಚಂದರು ಆರಂಭಿಸಿದ ಕಾರ್ಯವು ಪೂರ್ಣವಾಗುವುದೂ ಆಗಲೇ.